ಎಲೆ ಉದುರುವ ಮೊದಲೇ ಮೊಗ್ಗು

ಸಭಿಕರೆಲ್ಲರಿಗೂ ವಂದನೆಗಳು. ಒಂದು ಪದದ ಅರ್ಥದಿಂದ ಮಾತು ಆರಂಭಿಸುತ್ತೇನೆ. ಕಾಲವನ್ನು ಎಣಿಸಲು ನಾವು ದಿನನಿತ್ಯ ಬಳಸುವ ‘ವರ್ಷ’ ಎಂಬ ಪದಕ್ಕೆ ಮಳೆ ಎಂಬ ಅರ್ಥವೂ ಉಂಟೆಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ನಮ್ಮ ಗಮನಕ್ಕೆ ಬಾರದ ಸಂಗತಿಯೆಂದರೆ, ಹಳೆಯ ಸಂಸ್ಕೃತದಲ್ಲಿ ‘ಶರದ್’ ಎಂಬ ಪದಕ್ಕೂ ಸಂವತ್ಸರವೆಂಬ ಅರ್ಥವಿತ್ತು. ನೂರು ವರ್ಷ ಬದುಕಬೇಕೆಂಬ ಹಾರೈಕೆಯನ್ನು ವೇದದ ಋಷಿಗಳು ನೂರು ಶರತ್ಕಾಲಗಳನ್ನು ಕಾಣಬೇಕೆಂಬ ಮಾತಿನಲ್ಲಿ ಹೇಳಿದರು. ಅಲ್ಲಲ್ಲಿ ಹೇಮಂತ, ವಸಂತಗಳ ಹೆಸರೂ ಬರುತ್ತದೆ, ನಿಜ. ಆದರೆ ಮತ್ತೆ ಮತ್ತೆ ಕೇಳಿಬರುವುದು ಶರದ್ ಎಂಬುದೇ. ಆಯುಸ್ಸನ್ನು ಎಣಿಸಲು ಈ ಋತು ಅವರಿಗೆ ಏಕೆ ಇಷ್ಟು ಒಗ್ಗಿತೆಂದು ನಿರ್ಣಯಿಸುವುದು ಪಂಡಿತರಿಗೆ ಬಿಟ್ಟ ವಿಚಾರ. ನನ್ನ ಮಟ್ಟಿಗೆ ಮಾತ್ರ ಆ ಎಣಿಕೆ ಸರಿಯೆನ್ನಿಸುತ್ತದೆ, ಏಕೆಂದರೆ ವರ್ಷವೊಂದರ ಲೆಕ್ಕವನ್ನು ನಿಂತು ನೋಡಲು ಶರತ್ಕಾಲದ ಕೊನೆಯ ಆರೇಳು ವಾರಗಳಷ್ಟು ಅನುಕೂಲವಾದ ಕಾಲ ಬೇರೊಂದಿಲ್ಲ.

ಮಳೆಬಿಸಿಲುಗಳ ಅಬ್ಬರ ಮುಗಿದು, ಹೇಮಂತ ಹೊಸ್ತಿಲಿನ ಆಚೆಗೆ ನಿಂತಿರುವ ಕಾಲವಿದು. ಭೂಮಿಯ ಉತ್ತರಾರ್ಧದಲ್ಲಿ ನವೆಂಬರಿನ ಆಸುಪಾಸು ಇದು ಬರುತ್ತದೆ, ದಕ್ಷಿಣಾರ್ಧದವರು ನನ್ನ ಮಾತನ್ನು ಮೇ ತಿಂಗಳಿಗೆ ಹೊಂದಿಸಿಕೊಳ್ಳಬೇಕು. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿರುವುದರಿಂದ ಹಗಲು ಕುಗ್ಗುತ್ತದೆಂದು ಶಾಲೆಯಲ್ಲಿ ಓದಿದ್ದೇವೆ. ಅದರ ಪ್ರಮಾಣ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಸಮಭಾಜಕ ವೃತ್ತದ ಬಳಿ ಇರುವವರಿಗೆ ಇದು ತಿಳಿಯುವುದೇ ಇಲ್ಲ; 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವವರಿಗೆ ಜೂನ್‌ನಲ್ಲಿ 15 ಗಂಟೆಯಷ್ಟಿದ್ದ ಹಗಲು ಡಿಸೆಂಬರಿನ ಹೊತ್ತಿಗೆ 9 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ದಿನದಿಂದ ಐದೂವರೆ ಗಂಟೆಗೂ ಹೆಚ್ಚು ಬೆಳಕು ಕಳೆದುಹೋಗುವುದು ಸಾಮಾನ್ಯ ಸಂಗತಿಯಲ್ಲ. ಆ ಐದೂವರೆ ಗಂಟೆ ನಮ್ಮನ್ನು ಹೊರಗಿನಿಂದ ಒಳಗೆ ತಳ್ಳುತ್ತದೆ, ಮನೆಯೊಳಗೆ ಕೂರಿಸುತ್ತದೆ. ಒಳಗೆ ಕುಳಿತವರು ಎರಡನ್ನು ನೋಡಲೇಬೇಕಾಗುತ್ತದೆ: ಒಂದು ಮನೆ, ಇನ್ನೊಂದು ತಮ್ಮ ಬಗ್ಗೆ ತಾವು ಮಾಡಿಕೊಂಡಿದ್ದ ಸಂಕಲ್ಪಗಳು.

ಸಂಕಲ್ಪಕ್ಕೆ ಕಾಲ ಯಾವುದೆಂದು ಕೇಳಿದರೆ ಹೆಚ್ಚಿನವರು ಹೊಸ ವರ್ಷದ ಮೊದಲ ದಿನ ಎನ್ನುತ್ತಾರೆ. ನಾನು ಇಂದು ಅದಕ್ಕೆ ತಕರಾರು ಎತ್ತಲಿದ್ದೇನೆ. ನನ್ನ ಪರವಾಗಿ ಸಾಕ್ಷಿ ಹೇಳುವುದು ಎಲೆ ಉದುರಿಸುವ ಮರ.

ಎಲೆ ಬಣ್ಣ ಬದಲಿಸುವುದನ್ನು ನಾವು ಸಾವಿನ ಸಂಕೇತವೆಂದು ಭಾವಿಸುತ್ತೇವೆ. ಹಣ್ಣೆಲೆ ಎಂದು ಮುಪ್ಪಿಗೆ ಹೋಲಿಸುತ್ತೇವೆ. ಆದರೆ ಮರದ ಒಳಗೆ ನಡೆಯುವುದು ಅಚ್ಚುಕಟ್ಟಾದ ಮನೆವಾರ್ತೆಯ ಕೆಲಸ. ಹಗಲು ಚಿಕ್ಕದಾಗುತ್ತ, ರಾತ್ರಿ ತಣ್ಣಗಾಗುತ್ತ ಬಂದಂತೆ ಮರ ಎಲೆಯಲ್ಲಿನ ಹಸಿರನ್ನು, ಅಂದರೆ ಕ್ಲೋರೋಫಿಲ್ಲನ್ನು, ಒಡೆಯತೊಡಗುತ್ತದೆ. ಹಳದಿ ಮತ್ತು ಕಿತ್ತಳೆ ಬಣ್ಣದ ಕ್ಯಾರೋಟಿನಾಯ್ಡ್‌ಗಳು ಆಗ ಹೊಸದಾಗಿ ಹುಟ್ಟುವುದಿಲ್ಲ. ಅವು ಬೇಸಿಗೆಯುದ್ದಕ್ಕೂ ಅಲ್ಲಿಯೇ ಇದ್ದವು, ಹಸಿರಿನ ಮರೆಯಲ್ಲಿ ಕಾಣುತ್ತಿರಲಿಲ್ಲ ಅಷ್ಟೆ. ಕೆಂಪಿನ ಕಥೆ ಬೇರೆ. ಕೆಂಪು ಮತ್ತು ನೇರಳೆ ಛಾಯೆ ಕೊಡುವ ಆಂಥೋಸಯನಿನ್‌ಗಳನ್ನು ಅನೇಕ ಮರಗಳು ಈ ಕಾಲದಲ್ಲೇ ಹೊಸದಾಗಿ ತಯಾರಿಸುತ್ತವೆ, ಅದಕ್ಕೆ ಎಲೆಯಲ್ಲಿ ಉಳಿದ ಸಕ್ಕರೆಯನ್ನು ಬಳಸುತ್ತವೆ. ಹಗಲು ಬಿಸಿಲಿದ್ದು ರಾತ್ರಿ ನೀರು ಹೆಪ್ಪುಗಟ್ಟದಷ್ಟು ಚಳಿ ಇರುವ ವರ್ಷಗಳಲ್ಲಿ ಕೆಂಪು ಹೆಚ್ಚು ಗಾಢವಾಗುವುದು ಈ ಕಾರಣದಿಂದ. ಎಲೆಯನ್ನು ಬಿಟ್ಟುಕೊಡುವ ಮೊದಲು ಅದರಲ್ಲಿದ್ದ ಸಾರಜನಕ ಮತ್ತು ರಂಜಕದ ಸುಮಾರು ಅರ್ಧದಷ್ಟನ್ನು, ಹಲವು ವೇಳೆ ಅದಕ್ಕೂ ಹೆಚ್ಚನ್ನು, ಮರ ತನ್ನ ಕೊಂಬೆಗೂ ಬೇರಿಗೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಲೆಯ ತೊಟ್ಟಿನ ಬುಡದಲ್ಲಿ ತೆಳುವಾದೊಂದು ಪದರ ಬೆಳೆದು ಗಾಯಕ್ಕೆ ಮೊದಲೇ ಮುಚ್ಚಳ ಸಿದ್ಧವಾಗುತ್ತದೆ. ಎಲೆ ಬೀಳುವುದು ಇಷ್ಟೆಲ್ಲ ಆದ ನಂತರ.

ಇನ್ನೂ ಒಂದು ಸಂಗತಿಯಿದೆ, ನನ್ನ ಇಡೀ ವಾದ ನಿಂತಿರುವುದು ಅದರ ಮೇಲೆ. ಎಲೆ ಉದುರಿದ ಜಾಗದ ತುಸು ಮೇಲೆ, ರೆಂಬೆಗೆ ಅಂಟಿಕೊಂಡಂತೆ, ಬೆರಳಿಗೆ ಗಟ್ಟಿಯಾಗಿ ತಾಗುವ ಒಂದು ಪುಟ್ಟ ಉಬ್ಬು ಇರುತ್ತದೆ. ಅದು ಮುಂದಿನ ವಸಂತದ ಮೊಗ್ಗು. ಅದು ವಸಂತದಲ್ಲಿ ಹುಟ್ಟುವುದಿಲ್ಲ. ಬೇಸಿಗೆಯಲ್ಲೇ ರೂಪುಗೊಂಡು, ಶರತ್ಕಾಲದ ಹೊತ್ತಿಗೆ ಹುರುಪೆಯಂಥ ಹೊದಿಕೆ ಹೊದ್ದು ನಿದ್ದೆಗೆ ಇಳಿದಿರುತ್ತದೆ. ವಸಂತದಲ್ಲಿ ಅದು ಬಿರಿಯುತ್ತದೆ, ಅಷ್ಟೆ. ಅಂದರೆ ಮರ ಹೊಸ ವರ್ಷದ ದಿನ ಏನನ್ನೂ ಸಂಕಲ್ಪಿಸುವುದಿಲ್ಲ. ಹಳೆಯದನ್ನು ಬಿಡುವ ಮೊದಲೇ ಹೊಸದನ್ನು ಕಟ್ಟಿಟ್ಟುಕೊಂಡಿರುತ್ತದೆ. ಓಕ್ ಮತ್ತು ಬೀಚ್ ಜಾತಿಯ ಕೆಲವು ಮರಗಳು ಒಣಗಿದ ಎಲೆಗಳನ್ನು ಚಳಿಗಾಲವಿಡೀ ಕೊಂಬೆಯಲ್ಲೇ ಹಿಡಿದುಕೊಂಡಿರುತ್ತವೆ ಎಂಬುದನ್ನೂ ಪ್ರಾಮಾಣಿಕತೆಗಾಗಿ ಹೇಳಬೇಕು. ಅಂಥ ಮರವನ್ನು ಕಂಡಾಗಲೆಲ್ಲ ನನಗೆ ನನ್ನ ಕಪಾಟಿನ ನೆನಪಾಗುತ್ತದೆ.

ಈಗ ಮನೆಯೊಳಕ್ಕೆ ಬರೋಣ. ಶರತ್ಕಾಲದ ಕೊನೆಗೆ ಮನೆ ಬೇರೆಯಾಗಿ ಕಾಣುತ್ತದೆ. ಇದು ಬರಿಯ ಭಾವನೆಯಲ್ಲ, ರೇಖಾಗಣಿತ. 45 ಡಿಗ್ರಿ ಉತ್ತರ ಅಕ್ಷಾಂಶದ ಒಂದು ಮನೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿಯೊಂದಿದೆ, ಅದರ ಮೇಲಂಚು ನೆಲದಿಂದ 2 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಜೂನ್ ಕೊನೆಯ ಮಧ್ಯಾಹ್ನ ಸೂರ್ಯ 68 ಡಿಗ್ರಿಗೂ ಮೇಲಿರುವುದರಿಂದ ಬಿಸಿಲು ಕಿಟಕಿಯಿಂದ ಒಳಕ್ಕೆ 80 ಸೆಂಟಿಮೀಟರಿನಷ್ಟು ಮಾತ್ರ ಬರುತ್ತದೆ. ನವೆಂಬರ್ ಮಧ್ಯದಲ್ಲಿ ಅದೇ ಸೂರ್ಯ 27 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಆಗ ಬಿಸಿಲು 4 ಮೀಟರ್ ಒಳಗೆ ಬಂದು ಎದುರು ಗೋಡೆಯ ಬುಡವನ್ನು ಮುಟ್ಟುತ್ತದೆ. ವರ್ಷದ ಬಹುಪಾಲು ನೆರಳಿನಲ್ಲೇ ಇದ್ದ ಮೂಲೆ ಈ ಕೆಲವು ವಾರ ಬೆಳಗುತ್ತದೆ. ಬೆಳಕು ಓರೆಯಾಗಿ ಬೀಳುವುದರಿಂದ ಧೂಳಿನ ಒಂದೊಂದು ಕಣಕ್ಕೂ ನೆರಳು ಮೂಡುತ್ತದೆ, ನಾವು ವರ್ಷಾನುಗಟ್ಟಲೆ ಕಂಡೂ ಕಾಣದಂತಿದ್ದ ವಸ್ತುಗಳೆಲ್ಲ ಸಾಲಾಗಿ ನಿಂತು ಹಾಜರಿ ಹಾಕುತ್ತವೆ.

ಸರಳ ಮನೆ ಎಂದೊಡನೆ ಬಿಳಿ ಗೋಡೆ, ಬರಿದಾದ ಮೇಜು, ಒಂದೇ ಒಂದು ಹೂದಾನಿಯ ಚಿತ್ರ ನಮ್ಮ ಕಣ್ಣ ಮುಂದೆ ಬರುವಂತಾಗಿದೆ. ಆ ಚಿತ್ರದ ಬಗ್ಗೆ ನನಗೆ ಗೌರವವಿಲ್ಲ. ಬರಿದು ಮಾಡುವುದು ಹಣವಿರುವವರಿಗೆ ಸುಲಭ. ಬೇಕಾದಾಗ ಮತ್ತೆ ಕೊಳ್ಳಬಹುದೆಂಬ ಧೈರ್ಯ ಅವರಿಗಿದೆ. ಸರಳತೆಯನ್ನು ವಸ್ತುಗಳ ಸಂಖ್ಯೆಯಿಂದ ಅಳೆಯಲಾಗದು. ಸಾವಿರ ಪುಸ್ತಕಗಳಿರುವ ಮನೆ ಸರಳವಾಗಿರಬಹುದು, ಹತ್ತೇ ವಸ್ತುಗಳಿರುವ ಕೋಣೆ ಗೋಜಲಾಗಿರಬಹುದು. ನಾನು ಬಳಸುವ ಅಳತೆ ಇದು: ಕುಳಿತಲ್ಲಿಂದ ಕಣ್ಣು ಹಾಯಿಸಿದಾಗ ಎಷ್ಟು ವಸ್ತುಗಳು ನನ್ನಿಂದ ಏನನ್ನಾದರೂ ಬಾಕಿ ಕೇಳುತ್ತಿವೆ? ಗುಂಡಿ ಕಿತ್ತುಹೋದ ಅಂಗಿ ಗುಂಡಿ ಕೇಳುತ್ತದೆ. ಅರ್ಧ ಓದಿ ಮಗುಚಿಟ್ಟ ಪುಸ್ತಕ ಇನ್ನರ್ಧ ಕೇಳುತ್ತದೆ. ಎರವಲು ತಂದ ಕೊಡೆ ತನ್ನ ಯಜಮಾನರನ್ನು ಕೇಳುತ್ತದೆ. ಸುಮ್ಮನಿರುವ ವಸ್ತುಗಳು ಎಷ್ಟಿದ್ದರೂ ಹೊರೆಯಲ್ಲ. ಬಾಕಿ ಕೇಳುವ ವಸ್ತುಗಳು ನಾಲ್ಕಿದ್ದರೂ ಮನೆ ಇಕ್ಕಟ್ಟಾಗುತ್ತದೆ.

ನನ್ನ ಮೇಜಿನ ಕೆಳಗಿನ ಖಾನೆಯೊಂದರಲ್ಲಿ ಬಹುಕಾಲದಿಂದ ಚಿತ್ರ ಬಿಡಿಸುವ ಸಾಮಗ್ರಿಗಳಿದ್ದವು. ಒಳ್ಳೆಯ ಕುಂಚಗಳು, ಒಣಗಿ ಬಿರುಕುಬಿಟ್ಟ ಬಣ್ಣಗಳು, ಮೂರು ಹಾಳೆಗಷ್ಟೇ ಬಣ್ಣ ತಾಗಿದ್ದ ಒಂದು ದಪ್ಪ ಪುಸ್ತಕ. ಅವುಗಳಿಂದ ಜಾಗಕ್ಕೇನೂ ತೊಂದರೆಯಿರಲಿಲ್ಲ. ಆದರೆ ಖಾನೆ ತೆರೆದಾಗಲೆಲ್ಲ, ನಾನು ಆಗಬೇಕೆಂದುಕೊಂಡು ಆಗದೇ ಉಳಿದ ಒಬ್ಬ ಮನುಷ್ಯ ಒಳಗಿನಿಂದ ನನ್ನನ್ನು ದಿಟ್ಟಿಸಿದಂತಾಗುತ್ತಿತ್ತು. ಒಂದು ನವೆಂಬರಿನ ಸಂಜೆ ಕುಂಚಗಳನ್ನು ಚಿತ್ರ ಕಲಿಯುತ್ತಿದ್ದ ಹುಡುಗಿಯೊಬ್ಬಳಿಗೆ ಕೊಟ್ಟೆ, ಬಣ್ಣಗಳನ್ನು ಎಸೆದೆ, ಆ ದಪ್ಪ ಪುಸ್ತಕವನ್ನು ಮಾತ್ರ ಇಟ್ಟುಕೊಂಡು ಅದರಲ್ಲಿ ಬರೆಯತೊಡಗಿದೆ. ಇಂದಿನ ಮಾತಿನ ಟಿಪ್ಪಣಿಯೂ ಅದರಲ್ಲೇ ಇದೆ. ಮರ ಸಾರಜನಕವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂದು ಆಗಲೇ ಹೇಳಿದೆನಲ್ಲ, ನಾನು ಹಾಳೆಗಳನ್ನು ಎಳೆದುಕೊಂಡೆ.

ಮನೆಯ ಇನ್ನುಳಿದ ಕೆಲಸಗಳನ್ನು ಬೇಗನೆ ಹೇಳಿ ಮುಂದೆ ಹೋಗುತ್ತೇನೆ. ಚಳಿ ಇರುವಲ್ಲಿ ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುವುದು ಸಹಜ. ಆದರೆ ಅಡುಗೆ, ಸ್ನಾನ, ಉಸಿರಾಟಗಳ ತೇವ ತಣ್ಣನೆಯ ಗೋಡೆಯ ಮೇಲೆ ಕುಳಿತು ಬೂಷ್ಟಿಗೆ ದಾರಿ ಮಾಡಿಕೊಡುತ್ತದೆ. ದಿನಕ್ಕೆ ಒಂದೆರಡು ಬಾರಿ ಐದು ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದಿಟ್ಟರೆ ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಮಾತ್ರ ಹೋಗುವುದಿಲ್ಲ. ಹೊರಗಿನ ತಣ್ಣನೆಯ ಗಾಳಿ ಒದ್ದೆಯೆಂದು ತೋರಿದರೂ ಅದರಲ್ಲಿ ನೀರಿನಂಶ ಕಡಿಮೆ. ಸೊನ್ನೆ ಡಿಗ್ರಿಯ ಒಂದು ಘನ ಮೀಟರ್ ಗಾಳಿ ತುಂಬಿ ತುಳುಕಿದರೂ ಹಿಡಿಯುವುದು 5 ಗ್ರಾಂಗಿಂತ ಕಡಿಮೆ ನೀರಾವಿಯನ್ನು, 20 ಡಿಗ್ರಿಯ ಗಾಳಿ 17 ಗ್ರಾಂ ಹಿಡಿಯಬಲ್ಲದು. ಅದೇ ಗಾಳಿಯನ್ನು ಒಳಗೆ ತಂದು ಬಿಸಿ ಮಾಡಿದಾಗ ತುಟಿ ಒಡೆಯುವುದೂ ಮರದ ಪೀಠೋಪಕರಣ ಬಿರುಕು ಬಿಡುವುದೂ ಈ ಲೆಕ್ಕದಿಂದಲೇ. ಉಣ್ಣೆಯ ಬಟ್ಟೆಗಳ ಬಗ್ಗೆ ಒಂದೇ ಮಾತು: ನುಸಿಯ ಮರಿಹುಳುಗಳಿಗೆ ಬೆವರು, ಕಲೆ ತಾಗಿದ ಉಣ್ಣೆ ಹೆಚ್ಚು ಪ್ರಿಯ, ಆದ್ದರಿಂದ ಒಗೆದು ಒಣಗಿಸಿಯೇ ಎತ್ತಿಡಬೇಕು. ಎತ್ತಿಟ್ಟಾಗ ಮರೆತವರಿಗೆ ಅದು ಈಗ, ಹೊರತೆಗೆದಾಗ ಗೊತ್ತಾಗುತ್ತದೆ.

ಸಂಕಲ್ಪದ ವಿಷಯಕ್ಕೆ ಬರುತ್ತೇನೆ. ಜನವರಿ ಒಂದಕ್ಕೆ ಜನ ಮನಸೋಲುವುದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರದ ಆರಂಭ, ತಿಂಗಳ ಆರಂಭ, ವರ್ಷದ ಆರಂಭ, ಹುಟ್ಟುಹಬ್ಬದ ನಂತರ, ಹೀಗೆ ಕಾಲದಲ್ಲಿ ಗೆರೆ ಎಳೆದಂತಿರುವ ದಿನಗಳಲ್ಲಿ ಜನ ಹೊಸ ಗುರಿಗಳತ್ತ ಹೆಚ್ಚು ಒಲಿಯುತ್ತಾರೆ. ಹಳೆಯ ಸೋಲುಗಳು ಹಳೆಯ ಮನುಷ್ಯನ ಖಾತೆಗೆ ಸೇರಿದವು, ತಾನು ಬೇರೆ ಎಂದು ಅನ್ನಿಸುವುದೇ ಅದರ ಬಲ. ನನ್ನ ತಕರಾರು ಇರುವುದು ಸರಿಯಾಗಿ ಅಲ್ಲೇ. ಹಳೆಯ ಮನುಷ್ಯನನ್ನು ಹೀಗೆ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡರೆ ಅವನು ಕಲಿತದ್ದೂ ಹೊರಗೇ ಉಳಿಯುತ್ತದೆ. ನಾನೊಮ್ಮೆ ಜನವರಿಯ ಮೊದಲ ದಿನ ಹನ್ನೊಂದು ಗುರಿಗಳನ್ನು ಬರೆದು ಗೋಡೆಗೆ ಅಂಟಿಸಿದ್ದೆ. ಹಿಂದಿನ ವರ್ಷದ ಪಟ್ಟಿ ಕೈಗೆ ಸಿಕ್ಕಾಗ ನೋಡಿದರೆ ಅವುಗಳಲ್ಲಿ ಏಳು ಅಲ್ಲಿಯೂ ಇದ್ದವು, ಬರವಣಿಗೆ ಮಾತ್ರ ಆ ವರ್ಷದ್ದು ಇನ್ನೂ ಅಂದವಾಗಿತ್ತು.

ಅಭ್ಯಾಸ ಕೂರಲು ಎಷ್ಟು ದಿನ ಬೇಕೆಂಬುದಕ್ಕೆ 21 ಎಂಬ ಸಂಖ್ಯೆ ಎಲ್ಲೆಡೆ ಓಡಾಡುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, 2010ರಲ್ಲಿ ಮುದ್ರಣವಾದ ಪ್ರಬಂಧದಲ್ಲಿ ಹೇಳಿದ್ದು ಬೇರೆ. ಒಂದು ಸಣ್ಣ ಕೆಲಸ ಯೋಚಿಸದೆಯೇ ಆಗುವಷ್ಟು ರೂಢಿಯಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕು, ವ್ಯಕ್ತಿ ಮತ್ತು ಕೆಲಸವನ್ನು ಅನುಸರಿಸಿ ಅದು 18ರಿಂದ 254 ದಿನಗಳವರೆಗೂ ಹಿಗ್ಗಬಹುದು, ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗುವುದಿಲ್ಲ. ನವೆಂಬರ್ ಒಂದರಂದು ಆರಂಭಿಸಿದವರಿಗೆ ಅರವತ್ತಾರನೆಯ ದಿನ ಜನವರಿ 5. ಉಳಿದವರು ಉತ್ಸಾಹದಿಂದ ಹೊರಟು ಮೊದಲ ಬಾರಿ ಮುಗ್ಗರಿಸುವ ಹೊತ್ತಿಗೆ ನಿಮ್ಮ ಮೊಗ್ಗು ರೆಂಬೆಗೆ ಅಂಟಿ ಗಟ್ಟಿಯಾಗಿರುತ್ತದೆ. ಅದೂ ಯಾರ ಕಣ್ಣಿಗೂ ಬೀಳದೆ. ಸದ್ದಿಲ್ಲದೆ ಆರಂಭವಾದುದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲವೆಂಬುದು ಈ ಕಾಲದ ದೊಡ್ಡ ಅನುಕೂಲವೆಂದು ನಾನು ಎಣಿಸಿದ್ದೇನೆ.

ಗುರಿಯ ಮಾತಿನ ರೂಪವೂ ಮುಖ್ಯ. ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂಬ ಬಗೆಯ ಸಂಕಲ್ಪವನ್ನು ದೀರ್ಘಕಾಲ ಅಭ್ಯಸಿಸಿದವರು. 2006ರಲ್ಲಿ ಅವರು ಪ್ಯಾಸ್ಕಲ್ ಶೀರನ್ ಜೊತೆಗೂಡಿ 94 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಬರಿಯ ಗುರಿಗಿಂತ ಈ ರೂಪದ ಸಂಕಲ್ಪ ಗಮನಾರ್ಹವಾಗಿ ಹೆಚ್ಚು ಫಲ ಕೊಟ್ಟಿತ್ತು. ‘ಹೆಚ್ಚು ಓದಬೇಕು’ ಎಂಬುದು ಆಸೆ. ‘ಸಂಜೆ ದೀಪ ಹಚ್ಚಿದೊಡನೆ ಆ ಕುರ್ಚಿಯಲ್ಲಿ ಕುಳಿತು ಎರಡು ಪುಟ ಓದುತ್ತೇನೆ’ ಎಂಬುದು ಸಂಕಲ್ಪ. ಇಲ್ಲಿ ಋತು ನಮಗೆ ನೆರವಾಗುತ್ತದೆ. ಕತ್ತಲಾಗುವುದಕ್ಕಿಂತ ಖಚಿತವಾದ ಗಂಟೆ ಯಾವುದಿದೆ? ಮನೆಯ ಸರಳತೆ ನೆರವಾಗುವುದೂ ಇಲ್ಲೇ. ಆ ಕುರ್ಚಿಯ ಮೇಲೆ ಮಡಿಸದ ಬಟ್ಟೆಗಳ ರಾಶಿ ಇದ್ದರೆ ಸಂಕಲ್ಪಕ್ಕೆ ಕುಳಿತುಕೊಳ್ಳಲು ಜಾಗವಿರುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ಗುರಿಗಳು ಸತ್ತಿರುವುದು ಸೋಮಾರಿತನದಿಂದಲ್ಲ, ಕುರ್ಚಿ ಖಾಲಿ ಇಲ್ಲದ್ದರಿಂದ.

ಕತ್ತಲನ್ನು ಇಷ್ಟು ಹೊಗಳುವವನು ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಹಗಲು ಕುಗ್ಗಿದಾಗ ಕೆಲವರ ಮನಸ್ಸು ನಿಜಕ್ಕೂ ಕುಸಿಯುತ್ತದೆ. ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ಋತುಮಾನದ ಖಿನ್ನತೆಯೆಂದು ವೈದ್ಯಕೀಯವಾಗಿ ವಿವರಿಸಿದರು. ಅದಕ್ಕೆ ನೀಡುವ ಬೆಳಕಿನ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬಳಸುವುದು 10,000 ಲಕ್ಸ್ ಪ್ರಖರತೆಯ ದೀಪ. ಸಂಜೆಯ ಮನೆಯ ಬೆಳಕು ಕೆಲವು ನೂರು ಲಕ್ಸ್ ದಾಟುವುದಿಲ್ಲ, ಮೋಡ ಕವಿದ ಹಗಲಿನಲ್ಲಿ ಕೂಡ ಹೊರಗೆ ಸಾವಿರ ಲಕ್ಸ್‌ಗಿಂತ ಹೆಚ್ಚಿರುತ್ತದೆ. ಆದ್ದರಿಂದ ಈ ವಾರಗಳಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ಹೊರಗೆ ನಡೆಯುವುದು ಎಲ್ಲರಿಗೂ ಒಳ್ಳೆಯದು. ವಾರಗಟ್ಟಲೆ ಏಳಲಾಗದಷ್ಟು ಭಾರ ಕವಿದರೆ ಮಾತ್ರ ಅದು ಉಪನ್ಯಾಸಕಾರರಲ್ಲಿ ಕೇಳುವ ವಿಷಯವಲ್ಲ, ವೈದ್ಯರಲ್ಲಿ ಕೇಳಬೇಕಾದದ್ದು.

ಕೊನೆಗೆ ಸುಖಗಳು. ಇವು ಬಹಳ ಸಣ್ಣವು, ಹಣ ಬೇಡದವು, ತಡಮಾಡಿದರೆ ಹೋಗಿಬಿಡುವವು. ಮೊದಲನೆಯದು ಕಿವಿಗೆ ಸಂಬಂಧಿಸಿದ್ದು. ಮೋಡವಿಲ್ಲದ, ಗಾಳಿಯಿಲ್ಲದ ತಣ್ಣನೆಯ ರಾತ್ರಿಗಳಲ್ಲಿ ನೆಲ ಬೇಗ ಆರಿ, ನೆಲಕ್ಕೆ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಾಗುತ್ತದೆ. ಮೇಲಕ್ಕೆ ಚದುರಿಹೋಗಬೇಕಾದ ಸದ್ದು ಆಗ ಬಾಗಿ ಮತ್ತೆ ನೆಲದತ್ತ ಇಳಿಯುತ್ತದೆ. ಹಗಲಿನಲ್ಲಿ ಎಂದೂ ಕೇಳದ ದೂರದ ರೈಲು, ಎಲ್ಲಿಯದೋ ನಾಯಿ, ಯಾರದೋ ಮನೆಯ ಬಾಗಿಲು ಹಾಕಿದ ಸದ್ದು ಹಾಸಿಗೆಯವರೆಗೂ ಬರುವುದು ಹೀಗೆ. ಇದಕ್ಕಾಗಿ ಮಾಡಬೇಕಾದದ್ದು ಒಂದೇ, ಮನೆಯೊಳಗಿನ ಯಂತ್ರಗಳನ್ನೆಲ್ಲ ಹತ್ತು ನಿಮಿಷ ಬಾಯಿ ಮುಚ್ಚಿಸುವುದು.

ಎರಡನೆಯದು ಕಣ್ಣಿನದು. ನವೆಂಬರಿನ ಮುಸ್ಸಂಜೆ ಪೂರ್ವದಲ್ಲಿ ಕೃತ್ತಿಕೆ ಏಳುತ್ತದೆ. ಕಾರ್ತಿಕವೆಂಬ ಹೆಸರು ತಿಂಗಳಿಗೆ ಬಂದಿರುವುದೇ ಹುಣ್ಣಿಮೆಯ ಚಂದ್ರ ಆ ನಕ್ಷತ್ರದ ಆಸುಪಾಸಿನಲ್ಲಿ ನಿಲ್ಲುವುದರಿಂದ. ಬರಿಗಣ್ಣಿಗೆ ಹೆಚ್ಚಿನವರಿಗೆ ಆರು ತಾರೆಗಳು ಕಾಣುತ್ತವೆ. ಅವುಗಳಿಂದ ನಮ್ಮ ಕಣ್ಣಿಗೆ ಬಂದು ಬೀಳುವ ಬೆಳಕು ಹೊರಟು ಸುಮಾರು 440 ವರ್ಷಗಳಾಗಿವೆ. ಊರಿನ ದೀಪಗಳಿಂದ ದೂರ ಹೋಗಬಲ್ಲವರು ನೆತ್ತಿಯ ಬಳಿ ಮಸುಕಾದ ಒಂದು ಮಚ್ಚೆಯನ್ನು ಹುಡುಕಬಹುದು. ಅದು ದೇವಯಾನಿ ಗೆಲಾಕ್ಸಿ, ಅದರ ಬೆಳಕು ಹೊರಟಿದ್ದು 25 ಲಕ್ಷ ವರ್ಷಗಳ ಹಿಂದೆ. ಕಣ್ಣನ್ನು ನೇರವಾಗಿ ಅದರ ಮೇಲಿಡದೆ ತುಸು ಪಕ್ಕಕ್ಕಿಟ್ಟರೆ ಹೆಚ್ಚು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಮಂದ ಬೆಳಕನ್ನು ಹಿಡಿಯುವ ಜೀವಕೋಶಗಳು ಅಕ್ಷಿಪಟಲದ ನಟ್ಟನಡುವೆ ಇಲ್ಲ.

ಮಾತು ಮುಗಿದ ಮೇಲೆ ಶ್ರೋತೃಗಳಲ್ಲಿ ಒಬ್ಬರು ಎದ್ದು, ಈ ಸುಖಗಳನ್ನೂ ಗುರಿಗಳ ಪಟ್ಟಿಗೆ ಸೇರಿಸಬಹುದೇ ಎಂದು ಕೇಳಿದರು. ಬೇಡವೆಂದೆ. ನಾನೊಂದು ವರ್ಷ ಹಾಗೆ ಮಾಡಿದ್ದೆ. ದಿನಕ್ಕೊಂದು ಸುಖವೆಂದು ಪುಸ್ತಕದಲ್ಲಿ ಗುರುತು ಹಾಕುತ್ತ ಹೋದೆ, ಎರಡನೆಯ ವಾರಕ್ಕೆ ನಕ್ಷತ್ರ ನೋಡುವುದು ಕಂದಾಯ ಕಟ್ಟುವಂತಾಯಿತು. ಇನ್ನೊಬ್ಬರು, ಹಗಲು ಮತ್ತೆ ಬೆಳೆಯಲು ಡಿಸೆಂಬರ್ 21ರವರೆಗೆ ಕಾಯಲೇಬೇಕೇ ಎಂದರು. ಹಗಲಿನ ಒಟ್ಟು ಅವಧಿಗೆ ಕಾಯಬೇಕು, ಸಂಜೆಗೆ ಕಾಯಬೇಕಿಲ್ಲ. ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲದ್ದರಿಂದಲೂ ಅಕ್ಷದ ವಾಲುವಿಕೆಯಿಂದಲೂ ಸೂರ್ಯನ ಗಡಿಯಾರಕ್ಕೂ ನಮ್ಮ ಗಡಿಯಾರಕ್ಕೂ ನಡುವೆ ಅಂತರ ಬೀಳುತ್ತದೆ. ಅದರಿಂದಾಗಿ 40 ಡಿಗ್ರಿ ಉತ್ತರದಲ್ಲಿ ವರ್ಷದ ಅತಿ ಬೇಗನೆಯ ಸೂರ್ಯಾಸ್ತ ಡಿಸೆಂಬರ್ 7, 8ರ ಸುಮಾರಿಗೇ ಆಗಿಹೋಗುತ್ತದೆ. ಬೆಳಗಿನ ಕತ್ತಲು ಇನ್ನೂ ಹೆಚ್ಚುತ್ತಿರುವಾಗಲೇ ಸಂಜೆಗಳು ಗುಟ್ಟಾಗಿ ಬೆಳೆಯತೊಡಗಿರುತ್ತವೆ. ಇದನ್ನು ಕೇಳಿ ಅವರು ತಮ್ಮ ಕೈಗಡಿಯಾರ ನೋಡಿಕೊಂಡರು. ನಾವು ಕೆಲವರು ಕೃತ್ತಿಕೆಯನ್ನು ನೋಡೋಣವೆಂದು ಹೊರಗೆ ಬಂದೆವು. ಮೋಡವಿತ್ತು. ಅಂಗಳದ ಮರದ ತಗ್ಗಿನ ಕೊಂಬೆಯೊಂದನ್ನು ಯಾರೋ ಹಿಡಿದೆಳೆದು, ಮೊಬೈಲಿನ ದೀಪ ಹಚ್ಚಿ, ಮೊಗ್ಗು ಇದೆಯೋ ಇಲ್ಲವೋ ಎಂದು ಹುಡುಕುತ್ತಿದ್ದರು.